ಹೊರಡುವ ಅಭ್ಯಾಸ

ಫೆಬ್ರವರಿ 9

ಪ್ರೀತಿಯ ತಕರಾರಮ್ಮನಿಗೆ,

ನೀನು ಅಮ್ಮನಿಗೆ ಫೋನ್ ಮಾಡಿ ಕೇಳಿದ ಪ್ರಶ್ನೆಗೆ ಉತ್ತರ ನಾನು ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ಮಾತಾಡಿದರೆ ನೀನು ಹೂಂ ಹೂಂ ಎನ್ನುತ್ತಾ ಪಾತ್ರೆ ತೊಳೆಯುತ್ತೀಯ. ನಲ್ಲಿಯ ಸದ್ದು ನನಗೆ ಕೇಳಿಸುತ್ತದೆ. ಪತ್ರವನ್ನಾದರೆ ಕೈ ಒರೆಸಿಕೊಂಡೇ ಓದಬೇಕು.

ಹೆರಿಗೆ ಮನೆಯಲ್ಲೋ ಆಸ್ಪತ್ರೆಯಲ್ಲೋ ಎಂಬುದು ಪ್ರಶ್ನೆ. ಆಫೀಸಿನವರೆಲ್ಲ ಆಸ್ಪತ್ರೆ ಎನ್ನುತ್ತಾರಂತೆ. ನಿನ್ನ ಗಂಡ ನೀನು ಹೇಳಿದ ಹಾಗೆ ಎನ್ನುತ್ತಾನಂತೆ. ಯಾರೋ ಒಬ್ಬ ಸೂಲಗಿತ್ತಿಯ ವಿಳಾಸ ಕೊಟ್ಟಿದ್ದಾರಂತೆ. ನನ್ನ ವಯಸ್ಸಿನ ಬೇರೆ ಅಪ್ಪಂದಿರು ಸುಮ್ಮನೆ ಆಸ್ಪತ್ರೆಗೆ ಸೇರಿಕೋ ಎಂದು ಒಂದು ಸಾಲು ಬರೆದು ಅಂಚೆಗೆ ಹಾಕುತ್ತಿದ್ದರು. ನನ್ನ ಕೈಯಿಂದ ಆ ಸಾಲು ಬರುವುದಿಲ್ಲ. ಮನೆಯಲ್ಲೇ ಆಗಲಿ.

ನೀನು ಈಗ ಇರುವ ಊರಿನ ದೊಡ್ಡಾಸ್ಪತ್ರೆಯಲ್ಲೇ ನೀನು ಹುಟ್ಟಿದ್ದು. ಮೂವತ್ತೊಂದು ವರ್ಷದ ಹಿಂದೆ ಬೆಳಿಗ್ಗೆ ಹತ್ತಕ್ಕೆ ನಿನ್ನ ಅಮ್ಮನನ್ನು ಒಂದು ಹಸಿರು ಬಾಗಿಲ ಒಳಕ್ಕೆ ಕರೆದುಕೊಂಡರು. ನಾನು ಹಿಂದೆ ಹೆಜ್ಜೆ ಇಟ್ಟೆ. ಮೊರದಗಲದ ಒಂದು ಕೈ ನನ್ನ ಎದೆಯ ಮೇಲೆ ಬಂತು, ಗಂಡಸರು ಹೊರಗೆ ಎಂಬ ಮಾತು ಬಂತು, ಬಾಗಿಲು ಮುಚ್ಚಿತು. ಅದು ನನಗಾಗಿ ಮತ್ತೆ ತೆರೆದದ್ದು ಸಂಜೆ ನಾಲ್ಕಕ್ಕೆ. ಆ ಆರು ಗಂಟೆ ಒಬ್ಬ ಹೆಂಗಸನ್ನು, ಅವಳ ಜೀವಮಾನದಲ್ಲೇ ಅತಿ ಕಷ್ಟದ ಹೊತ್ತಿನಲ್ಲಿ, ಗುರುತು ಪರಿಚಯವಿಲ್ಲದ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟ ಸಂಸ್ಥೆ ಅದು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ಪ್ರತಿ ಹತ್ತು ನಿಮಿಷಕ್ಕೆ ಒಂದು ಟಿಪ್ಪಣಿ ಬರೆದೆ. ಅದೇ ಆಮೇಲೆ ಹನ್ನೊಂದು ಪುಟದ ದೂರಾಯಿತು. ಸೂಪರಿಂಟೆಂಡೆಂಟರು ಉತ್ತರ ಕೊಡಲಿಲ್ಲ. ಅವರ ನಂತರ ಬಂದವರೂ ಕೊಡಲಿಲ್ಲ. ಮೂರನೆಯವರು, ತಮ್ಮ ಪತ್ರ ಸೇರಿದೆ ಎಂದು ಅಚ್ಚು ಹಾಕಿಸಿದ ಕಾರ್ಡು ಕಳಿಸಿದರು. ಅದರಲ್ಲಿ ನನ್ನ ವಿಳಾಸ ತಪ್ಪಿತ್ತು.

ದೂರಿನ ಪ್ರತಿ ಇದರ ಜೊತೆ ಇಟ್ಟಿದ್ದೇನೆ. ಪೂರ್ತಿ ಓದು. ಅಡಿಟಿಪ್ಪಣಿಗಳನ್ನೂ ಓದು.

ಯಾವತ್ತೂ ನಿನ್ನ ಪಕ್ಷದ
ಅಪ್ಪ


ಫೆಬ್ರವರಿ 22

ಅಪ್ಪಾ,

ಓದಿದೆ, ಅಡಿಟಿಪ್ಪಣಿ ಸಮೇತ. ಹನ್ನೆರಡೂ ನಲವತ್ತಕ್ಕೆ ಯಾರೋ ಬಕೆಟ್ ಬೀಳಿಸಿದ್ದು ಕೂಡ ಬರೆದಿದ್ದೀರಿ. ನಲವತ್ತು ವರ್ಷ ಕರಡು ತಿದ್ದಿದವರ ಕಣ್ಣು ಅದು ಅಂತ ನಮ್ಮ ಮನೆಯವನಿಗೆ ಹೇಳಿದೆ. ಲಿಫ್ಟ್ ರಿಪೇರಿ ಮಾಡುವವನಲ್ಲವೇ ಅವನು, 'ಇಷ್ಟು ಚೆನ್ನಾಗಿ ನಮ್ಮ ಲಿಫ್ಟುಗಳ ಬಗ್ಗೆ ಯಾರೂ ದೂರು ಕೊಡಲ್ಲ' ಅಂದ.

ನನಗೆ ನಿಜಕ್ಕೂ ತೀರ್ಮಾನವಾಗುತ್ತಿಲ್ಲ. ಮನೆ ಅಂದರೆ ಇಷ್ಟ. ನನ್ನ ಕಿಟಕಿ, ನನ್ನ ಹಾಸಿಗೆ, ಯಾರೂ ನನ್ನನ್ನು ಬಾಗಿಲಾಚೆ ಈಚೆ ಅಂತ ವಿಂಗಡಿಸುವುದಿಲ್ಲ. ಆದರೆ ಬೆಳಿಗ್ಗೆ ಬಸ್ಸಿನಲ್ಲಿ ನಿಂತಾಗ ಒಂದು ಭಯ ಬಂದು ಪಕ್ಕದಲ್ಲಿ ನಿಲ್ಲುತ್ತದೆ: ಏನಾದರೂ ಆದರೆ? ಏನು ಅನ್ನುವುದೇ ಗೊತ್ತಿಲ್ಲ, ಅದಕ್ಕೇ ಭಯ.

ಹೋದ ಶನಿವಾರ ಸೂಲಗಿತ್ತಿ ಬಂದಿದ್ದರು. ನರ್ಸಿಂಗ್ ಓದಿ, ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ಇದ್ದು, ಈಗ ಮನೆಮನೆಗೆ ಹೋಗುವವರು. ನರ್ಸಮ್ಮ ಅಂದರೆ 'ಸೂಲಗಿತ್ತಿ ಅನ್ನಿ, ಕೆಲಸ ಏನು ಅಂತ ಗೊತ್ತಾಗುತ್ತೆ' ಅಂದರು. ಐವತ್ತು ದಾಟಿದ ಸಣ್ಣ ಆಳು. ಬಂದವರು ಕೂರಲಿಲ್ಲ. ನನ್ನ ಹೊಟ್ಟೆಯನ್ನೂ ಮೊದಲು ನೋಡಲಿಲ್ಲ. ಚೀಲದಿಂದ ಅಳತೆ ಟೇಪು ತೆಗೆದು ಮೆಟ್ಟಿಲಿಗೆ ಹೋದರು.

ಮೂರು ಮಹಡಿ, ಐವತ್ತನಾಲ್ಕು ಮೆಟ್ಟಿಲು. ಪ್ರತಿ ತಿರುವಿನಲ್ಲೂ ಅಡ್ಡ, ಉದ್ದ, ಕೈಪಿಡಿಯ ಎತ್ತರ. ಎರಡನೇ ಮಹಡಿಯ ತಿರುವಿನಲ್ಲಿ ನಮ್ಮ ಟೈಲರ್ ತನ್ನ ಬಟ್ಟೆ ತೊಡಿಸುವ ಗೊಂಬೆಯನ್ನು ಇಟ್ಟಿರುತ್ತಾನಲ್ಲ, ಅದರ ಸೊಂಟವನ್ನೂ ಅಳೆದರು. ಆಮೇಲೆ ಮೇಲೆ ಬಂದು ಟೀ ಕುಡಿಯುತ್ತಾ ಹೇಳಿದರು: 'ಮನೇಲಿ ಹೆರಿಗೆ ಮಾಡಿಸೋದು ನಂಗೆ ಗೊತ್ತಮ್ಮ. ಈ ಮನೆಯಿಂದ ಹೊರಡೋಕೆ ಎಷ್ಟು ಹೊತ್ತು ಬೇಕು ಅನ್ನೋದು ಗೊತ್ತಿಲ್ಲ. ಅದು ಗೊತ್ತಾಗೋವರೆಗೆ ಹೂಂ ಅನ್ನಲ್ಲ.'

ಜಲಮಂಡಳಿಯಲ್ಲಿ ಕೂತು ಊರಿನ ಕೊಳವೆಗಳ ನಕ್ಷೆ ಬರೆಯುವವಳು ನಾನು. ನಮ್ಮದೇ ಮೆಟ್ಟಿಲಿನ ಅಗಲ ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು, ಯಾಕೋ ಸಮಾಧಾನವೂ ಆಯಿತು.

ಇನ್ನೂ ಹೊಸ್ತಿಲ ಮೇಲೇ ನಿಂತಿರುವ
ನಿಮ್ಮ ಮಗಳು


ಮಾರ್ಚ್ 2

ತಕರಾರಮ್ಮ,

ಸೂಲಗಿತ್ತಿಯನ್ನು ಕರೆದರೆ ಸರ್ವೇಯರ್ ಬಂದ ಹಾಗಿದೆ. ಮಗು ಮೆಟ್ಟಿಲಲ್ಲಿ ಹುಟ್ಟುತ್ತದೆಯೇ? ಆಕೆಗೆ ಮನೆಯ ಮೇಲೆ ನಂಬಿಕೆ ಇದ್ದರೆ ಹೊರಡುವ ಮಾತು ಮೊದಲು ಯಾಕೆ ಬರಬೇಕು? ದೊಡ್ಡಾಸ್ಪತ್ರೆಯ ಉಪ್ಪು ತಿಂದವರು, ಮನಸ್ಸು ಇನ್ನೂ ಅಲ್ಲೇ ಇರಬೇಕು.

ನಾನು ಇಲ್ಲಿನ ವಾಚನಾಲಯದಲ್ಲಿ ಈ ವಿಷಯದ ಮೇಲೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಗ್ರಂಥಪಾಲಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಯಾರಿಗೆ ಎಂದು ಕೇಳಿದಳು. ನನಗೇ ಎಂದೆ. ಈಗ ನನ್ನನ್ನು ಕಂಡರೆ ಕುರ್ಚಿ ಎಳೆದು ಕೊಡುತ್ತಾಳೆ. ಓದಿದ್ದರ ಸಾರ ಇಷ್ಟು: ಆರೋಗ್ಯವಂತ ಹೆಣ್ಣು, ಕಲಿತ ಸೂಲಗಿತ್ತಿ, ಹತ್ತಿರದಲ್ಲಿ ಆಸ್ಪತ್ರೆ, ಈ ಮೂರೂ ಇದ್ದ ಕಡೆ ಮನೆ ಹೆರಿಗೆಯನ್ನು ಬಲ್ಲವರು ತಳ್ಳಿಹಾಕುವುದಿಲ್ಲ. ಮೊದಲ ಹೆರಿಗೆಯಾದರೆ ಸ್ವಲ್ಪ ಹೆಚ್ಚು ಎಚ್ಚರ ಎನ್ನುತ್ತಾರೆ. ಆ ಸಾಲನ್ನೂ ಬಿಡದೆ ಬರೆದಿದ್ದೇನೆ, ನೋಡು. ನನಗೆ ಬೇಡವಾದ ಸಾಲನ್ನು ಅಳಿಸುವ ಕೆಲಸ ನಾನು ಎಂದೂ ಮಾಡಿದವನಲ್ಲ.

ಅಪ್ಪ


ಮಾರ್ಚ್ 26

ಅಪ್ಪಾ,

ನೀವು ಇಲ್ಲಿರಬೇಕಿತ್ತು. ನಗುನಗುತ್ತಾ ಒಂದು ದೂರು ಬರೆಯುತ್ತಿದ್ದಿರಿ.

ಎರಡು ವಾರದ ಹಿಂದೆ ಸೂಲಗಿತ್ತಿ ಮಂಗಳವಾರ ಸಂಜೆ ಐದೂವರೆಗೆ ಬಂದರು. ಆ ಹೊತ್ತು ಯಾಕೆಂದರೆ ಕಾರ್ಖಾನೆ, ಆಫೀಸು ಎಲ್ಲ ಬಿಟ್ಟು ರಸ್ತೆ ಅತಿ ಕೆಟ್ಟದಾಗಿರುವುದು ಆಗಲೇ. ನನ್ನನ್ನು ಕೈಯಿರುವ ಮರದ ಕುರ್ಚಿಯಲ್ಲಿ ಕೂರಿಸಿ, ಹಾಸಿಗೆ ಬಟ್ಟೆಯಿಂದ ಸೊಂಟಕ್ಕೆ ಕಟ್ಟಿ, ಮುಂದೆ ಟೈಲರ್, ಹಿಂದೆ ನಮ್ಮವನು. 'ಹೊರಡೋಣ' ಅಂದರು, ಕೈಗಡಿಯಾರ ನೋಡಿದರು.

ಮೊದಲ ಸಲ ಹದಿನಾಲ್ಕು ನಿಮಿಷ. ತಿರುವಿನಲ್ಲಿ ಕುರ್ಚಿಯ ಕಾಲು ಗೊಂಬೆಗೆ ಸಿಕ್ಕಿಕೊಂಡಿತು. ಕೆಳಗಿನ ಗೇಟಿಗೆ ಬೀಗ, ಬೀಗದ ಕೈ ನೆಲಮಹಡಿಯ ಟೀಚರ್ ಹತ್ತಿರ, ಟೀಚರ್ ತರಕಾರಿ ತರಲು ಹೋಗಿದ್ದರು. ನಾನು ಕಟ್ಟಿಸಿಕೊಂಡು ಗೇಟಿನ ಒಳಗೆ ಕೂತೆ, ಬೀದಿಯವರೆಲ್ಲ ನೋಡಿಕೊಂಡು ಹೋದರು. ಟೈಲರ್ ಬೆವರೊರೆಸಿಕೊಂಡು, 'ಊರಿನ ಲಿಫ್ಟೆಲ್ಲ ಎತ್ತೋನು, ಹೆಂಡ್ತೀನ ಎತ್ತೋಕೆ ಏದುಸಿರು ಬಿಡ್ತಾನೆ' ಅಂದ. ನಮ್ಮವನು, 'ಲಿಫ್ಟಿಗೆ ಇಷ್ಟು ಬಾಯಿ ಇರಲ್ಲ' ಅಂದ. ಬಾಯಿ ಅಂದದ್ದು ನನಗೆ.

ಸೂಲಗಿತ್ತಿ ನಗಲಿಲ್ಲ, ಬೈಯಲೂ ಇಲ್ಲ. ಟೈಲರ್ ಬಳಿ ಹೋಗಿ ಗೊಂಬೆಯನ್ನು ಒಳಗಿಡಲು ಕೇಳಿದರು. ಜೂನ್ ಕೊನೆಯವರೆಗೆ ಅಂತ ತಾರೀಕು ಹೇಳಿ ಕೇಳಿದರು. ಟೀಚರಿಂದ ಬೀಗದ ಕೈಯ ನಕಲು ತೆಗೆಸಿದರು. ಆಮೇಲೆ ಮತ್ತೆ ಮೇಲಿನಿಂದ. ಎರಡು ವಾರದಲ್ಲಿ ಆರು ಸಲ ನನ್ನನ್ನು ಹೊತ್ತು ಇಳಿಸಿದ್ದಾರೆ. ಕೊನೆಯದು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು. ನಮ್ಮವನು ಪ್ರತಿ ತಿರುವಿಗೂ 'ಎರಡನೇ ಮಹಡಿ', 'ಒಂದನೇ ಮಹಡಿ' ಅಂತ ಲಿಫ್ಟಿನ ದನಿಯಲ್ಲಿ ಹೇಳುತ್ತಿದ್ದ. ಹಿಂದಿನ ಬೀದಿಯ ಟ್ಯಾಕ್ಸಿಯವರ ಕಾರಿನಲ್ಲಿ ಆಸ್ಪತ್ರೆಯ ಬಾಗಿಲಿಗೆ ಹದಿನೇಳು ನಿಮಿಷ. ಸೂಲಗಿತ್ತಿಯವರ ಮಿತಿ ಎಲ್ಲ ಸೇರಿ ಮೂವತ್ತು.

'ಸರಿ, ಮನೇಲೇ ಮಾಡೋಣ' ಅಂದರು. 'ಇವತ್ತಿಗೆ ಸರಿ' ಅಂತ ಸೇರಿಸಿದರು. ಪ್ರತಿ ವಾರ ರಕ್ತದೊತ್ತಡ, ಮೂತ್ರ, ಮಗುವಿನ ತಲೆ ಯಾವ ಕಡೆ ಅನ್ನುವುದು, ಎಲ್ಲ ನೋಡುತ್ತಾರೆ. ಯಾವುದು ಹೇಗಾದರೆ ಆಸ್ಪತ್ರೆ ಅನ್ನುವುದನ್ನು ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾರೆ. ನನ್ನ ಭಯಕ್ಕೆ ಈಗ ಒಂದು ಪಟ್ಟಿ ಇದೆ. ಬಸ್ಸಿನಲ್ಲಿ ಅದು ಪಕ್ಕದಲ್ಲಿ ನಿಂತರೂ ಪರವಾಗಿಲ್ಲ, ಗುರುತಿದೆ.

ಮನೆಯಲ್ಲೇ ಹೆರುವ ನಿಮ್ಮ
ತಕರಾರಮ್ಮ


ಏಪ್ರಿಲ್ 3

ಸೂಲಗಿತ್ತಿಯವರಿಗೆ ವಂದನೆಗಳು.

ನಾನು ಲಿಫ್ಟ್ ರಿಪೇರಿಯವನ ಮಾವ, ನೀವು ಕುರ್ಚಿಯಲ್ಲಿ ಕೂರಿಸಿ ಆರು ಸಲ ಇಳಿಸಿದ ಹುಡುಗಿಯ ಅಪ್ಪ. ಈ ಪತ್ರದ ವಿಷಯ ಮಗಳಿಗೆ ಗೊತ್ತಿಲ್ಲ; ಹೇಳಬೇಡಿ ಎಂದೂ ಕೇಳುವುದಿಲ್ಲ.

ನಿಮ್ಮ ಕೆಲಸದ ರೀತಿಗೆ ಮೊದಲು ನನಗೆ ಸಿಟ್ಟು ಬಂದಿತ್ತು. ಗೇಟಿನ ಬೀಗದ ಕೈಗೆ ನಕಲು ಮಾಡಿಸಿದಿರಿ ಎಂದು ಓದಿದಾಗ ಎದ್ದು ನಿಂತೆ. ನನ್ನ ಜೀವಮಾನದಲ್ಲಿ ಎಷ್ಟು ಕಚೇರಿಗಳ ಮುಂದೆ ಕೈ ಕಟ್ಟಿ ನಿಂತಿದ್ದೇನೆ. ಬೀಗದ ಕೈ ಯಾರ ಹತ್ತಿರ ಎಂದು ಮುಂಚೆಯೇ ವಿಚಾರಿಸಿದ ಒಬ್ಬ ಮನುಷ್ಯನನ್ನು ಕಂಡಿರಲಿಲ್ಲ.

ಆದ್ದರಿಂದಲೇ ಒಂದು ಮಾತು ಕೊಡಿ. ಏನೇ ಆದರೂ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗುವುದಿಲ್ಲ ಎಂದು. ಯಾಕೆ ಎಂಬುದು ಇದರ ಜೊತೆಗಿರುವ ಹನ್ನೊಂದು ಪುಟದಲ್ಲಿದೆ.

ಒಬ್ಬ ನಿವೃತ್ತ ಕರಡು ತಿದ್ದುವವ


ಏಪ್ರಿಲ್ 12

ಹಿರಿಯರಿಗೆ ನಮಸ್ಕಾರ.

ಮಾತು ಕೊಡಲು ಆಗುವುದಿಲ್ಲ.

ಇದುವರೆಗೆ ಇನ್ನೂರ ಹದಿನಾಲ್ಕು ಮನೆಗಳಲ್ಲಿ ಹೆರಿಗೆಗೆ ಕೂತಿದ್ದೇನೆ. ಮೂವತ್ತೊಂದು ಸಲ ನಡುವೆ ಎದ್ದು ಆಸ್ಪತ್ರೆಗೆ ಹೋದೆವು. ಹೋದ ಮೇಲೆ ನಾನು ಬಾಗಿಲಲ್ಲಿ ಒಪ್ಪಿಸಿ ಬರುವುದಿಲ್ಲ. ಮಗು ಅಳುವವರೆಗೂ ಅಲ್ಲೇ ಇರುತ್ತೇನೆ. ಆ ಮೂವತ್ತೊಂದೂ ನಾನು ಮಾಡಿಸಿದ ಹೆರಿಗೆಗಳೇ.

ಅದರಲ್ಲಿ ಒಂದು ಸಲ ತಡವಾಯಿತು. ಹಳೇ ಕಟ್ಟಡ, ನಾಲ್ಕನೇ ಮಹಡಿ. ಮೆಟ್ಟಿಲ ತಿರುವಿನಲ್ಲಿ ಯಾರದೋ ಬಟ್ಟೆಯ ಬೀರು. ಹತ್ತುವಾಗ ನಾನೇ ಅದನ್ನು ಬಳಸಿಕೊಂಡು ಹತ್ತಿದ್ದೆ, ನೋಡಿದ್ದೆ, ಏನೂ ಅನ್ನಿಸಿರಲಿಲ್ಲ. ಇಳಿಯುವಾಗ ಅದನ್ನು ಸರಿಸಲು ಒಂಬತ್ತು ನಿಮಿಷ ಹಿಡಿಯಿತು. ಅವತ್ತು ಹುಟ್ಟಿದ ಹುಡುಗಿಗೆ ಈಗ ಹತ್ತು ವರ್ಷ. ಚೆನ್ನಾಗಿ ಓದುತ್ತಾಳೆ, ಬಲಗಾಲು ಎಳೆದು ನಡೆಯುತ್ತಾಳೆ. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತೇನೆ. ಅವಳ ಅಮ್ಮ ನನ್ನನ್ನು ಕೂರಿಸಿ ಟೀ ಕೊಡುತ್ತಾರೆ. ನನ್ನ ಮೇಲೆ ಯಾರೂ ದೂರು ಬರೆಯಲಿಲ್ಲ. ಬರೆದಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ಆಮೇಲೆ ಟೇಪು ಕೊಂಡೆ.

ನಿಮ್ಮ ಹನ್ನೊಂದು ಪುಟವನ್ನು ಎರಡು ಸಲ ಓದಿದೆ. ಆ ವಾರ್ಡಿನಲ್ಲಿ ನಾನು ಹನ್ನೆರಡು ವರ್ಷ ಇದ್ದೆ, ನಿಮ್ಮ ಮಗಳು ಹುಟ್ಟಿದ ಎಷ್ಟೋ ವರ್ಷದ ಮೇಲೆ ಸೇರಿದ್ದು. ಗಂಡಸರನ್ನು ಹೊರಗೆ ತಳ್ಳುತ್ತಿದ್ದದ್ದು ನಿಜ, ನಾನೂ ತಳ್ಳಿದ್ದೇನೆ. ತಪ್ಪು. ಈಗ ಒಬ್ಬರನ್ನು ಬಿಡುತ್ತಾರೆ. ಅದಕ್ಕಾಗಿ ನಾವು ಕೆಲವರು ಒಳಗಿದ್ದೇ ಜಗಳವಾಡಿದೆವು.

ಒಂದು ಮಾತು ಕೇಳಬಹುದೇ? ನಿಮ್ಮ ದೂರಿನಲ್ಲಿ ಗಂಟೆ, ನಿಮಿಷ, ಬಕೆಟ್ಟು ಎಲ್ಲ ಇದೆ. ಒಳಗೆ ಏನಾಯಿತು ಅಂತ ನಿಮ್ಮ ಹೆಂಡತಿ ಹೇಳಿದ ಒಂದು ಮಾತೂ ಇಲ್ಲ. ಅವರನ್ನು ಕೇಳಿದ್ದಿರಾ?

ಸೂಲಗಿತ್ತಿ


ಏಪ್ರಿಲ್ 15

ತಕರಾರಮ್ಮ,

ನಿನ್ನ ಸೂಲಗಿತ್ತಿಗೆ ನಾನು ಕದ್ದು ಪತ್ರ ಬರೆದಿದ್ದೆ. ಉತ್ತರ ಬಂದಿದೆ. ನಕಲು ಇಟ್ಟಿದ್ದೇನೆ.

ಮೂವರು ಸೂಪರಿಂಟೆಂಡೆಂಟರು ಸೇರಿ ಮೂವತ್ತೊಂದು ವರ್ಷದಲ್ಲಿ ಕೊಡದ ಉತ್ತರವನ್ನು ಆಕೆ ಒಂಬತ್ತು ದಿನದಲ್ಲಿ ಕೊಟ್ಟಿದ್ದಾರೆ, ತಪ್ಪು ಎಂಬ ಪದವನ್ನು ತನ್ನ ಮೇಲೇ ಹಾಕಿಕೊಂಡು. ಆ ಪದವನ್ನು ಸರ್ಕಾರಿ ಕಾಗದದಲ್ಲಿ ನಾನು ಸಾವಿರ ಸಲ ಓದಿದ್ದೇನೆ, ಯಾವಾಗಲೂ ಬೇರೆ ಯಾರದೋ ತಪ್ಪು. ಪತ್ರದ ಕೊನೆಯಲ್ಲಿ ಒಂದು ಪ್ರಶ್ನೆ ಇದೆ, ನೋಡಿದ್ದೀಯಲ್ಲ. ಅದನ್ನು ನಿನ್ನ ಅಮ್ಮನಿಗೆ ಓದಿ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು. ಮಡಿಸಿ ಮುಗಿಸಿದಳು.

ಅಪ್ಪ


ಏಪ್ರಿಲ್ 19

ಮಗಳೇ,

ನಾನು ಪತ್ರ ಬರೆದು ಎಷ್ಟೋ ವರ್ಷ ಆಯ್ತು, ಈ ಮನೆಯಲ್ಲಿ ಬರೆಯುವ ಕೆಲಸ ಒಬ್ಬರೇ ಹಿಡಿದಿದ್ದಾರೆ.

ನಿಮ್ಮಪ್ಪ ಮೂವತ್ತೊಂದು ವರ್ಷಕ್ಕೆ ಮೊನ್ನೆ ಕೇಳಿದರು. ಎದುರಿಗೆ ಹೇಳಿದರೆ ನಡುವೆ ಬಾಯಿ ಹಾಕುತ್ತಾರೆ, ಅದಕ್ಕೆ ನಿನಗೆ ಬರೆಯುತ್ತಿದ್ದೇನೆ.

ನಾನು ಒಂಟಿಯಾಗಿರಲಿಲ್ಲ. ಒಳಗೆ ಒಬ್ಬ ದಪ್ಪ ನರ್ಸ್ ಇದ್ದಳು. ಐದು ಗಂಟೆ ನನ್ನ ಬೆನ್ನು ತಿಕ್ಕಿದಳು. ತಿಕ್ಕುತ್ತಾ ತನ್ನ ಅತ್ತೆ ಗೊರಕೆ ಹೊಡೆಯೋದನ್ನ ಮಾಡಿ ತೋರಿಸಿದಳು. ನೋವಿನ ನಡುವೆ ನಾನು ನಕ್ಕುಬಿಟ್ಟೆ, ನಕ್ಕಾಗಲೇ ನೀನು ಒಂದಿಷ್ಟು ಕೆಳಗಿಳಿದೆ ಅಂತ ಅವಳೇ ಹೇಳಿದಳು. ಹೊರಗೆ ನನ್ನ ಗಂಡ ಇದ್ದಾರೆ, ಹೋಗಿ ಚೆನ್ನಾಗಿದೀನಿ ಅಂತ ಹೇಳಿ ಬನ್ನಿ ಅಂತ ನಾನೇ ಕಳಿಸಿದೆ, ಮೂರು ಸಲ. ಮೂರು ಸಲವೂ ನಿಮ್ಮಪ್ಪ ಅವಳನ್ನು ನಿಲ್ಲಿಸಿ ಹೆಸರು, ಹುದ್ದೆ, ಮೇಲಧಿಕಾರಿ ಯಾರು ಅಂತ ಬರೆದುಕೊಳ್ಳಲು ನೋಡಿದರಂತೆ. ನಾಲ್ಕನೇ ಸಲ ಕಳಿಸಿದಾಗ ಅವಳು ಹೋಗಲಿಲ್ಲ. 'ನಿಮ್ಮೋರು ಪೊಲೀಸಾ' ಅಂತ ಕೇಳಿದಳು.

ನನಗೆ ಬೇಜಾರಾಗಿದ್ದು ಬೇರೆ. ಒಳಗೆ ಹೋಗುವಾಗ ಕನ್ನಡಕ ತೆಗೆಸಿದರು, ಎಲ್ಲೋ ಇಟ್ಟರು, ಮಾರನೇ ದಿನ ಕೊಟ್ಟರು. ಒಂದು ದಿನ ಪೂರ್ತಿ ನಿನ್ನ ಮುಖ ನನಗೆ ಮಬ್ಬು. ಹನ್ನೊಂದು ಪುಟದಲ್ಲಿ ಅದು ಇಲ್ಲ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂತ ನೀನು ಕೇಳುತ್ತೀಯ. ನನಗೋಸ್ಕರ ಒಬ್ಬರು ಅಷ್ಟು ಸಿಟ್ಟು ಇಟ್ಟುಕೊಂಡಿದ್ದಾರಲ್ಲ ಅಂತ ಒಳಗೊಳಗೇ ಇಷ್ಟವಾಗುತ್ತಿತ್ತು. ಆಮೇಲೆ ಹೇಳುವ ಹೊತ್ತು ದಾಟಿಹೋಯ್ತು. ಆ ದಿನ ಒಂಟಿಯಾಗಿದ್ದವರು ಅವರು, ಕಾರಿಡಾರಿನಲ್ಲಿ. ಅದರ ದೂರು ಯಾರ ಮೇಲೆ ಬರೆಯೋದು?

ಈ ಕವರು ಅಂಚೆಗೆ ಹಾಕುವವರು ನಿಮ್ಮಪ್ಪನೇ. ನಾನು ಅಂಟಿಸಿಲ್ಲ. ಓದಬೇಕು ಅನ್ನಿಸಿದರೆ ಓದಲಿ.

ನೀನು ಎಲ್ಲಿ ಹೆತ್ತರೂ ಕನ್ನಡಕ ಮಾತ್ರ ಕೊಡಬೇಡ.

ಅಮ್ಮ


ಮೇ 17

ಅಪ್ಪಾ,

ಅಮ್ಮನ ಪತ್ರ ಬಂದು ಮೂರು ವಾರವಾಯಿತು, ಮತ್ತೆ ಮತ್ತೆ ಓದಿದೆ. ಕವರು ಗಟ್ಟಿಯಾಗಿ ಅಂಟಿಸಿತ್ತು. ಒಳಗೆ ಅಮ್ಮ 'ಐದು ಗಂಟೆ' ಅಂತ ಬರೆದ ಕಡೆ ಕೆಂಪು ಶಾಯಿಯಲ್ಲಿ 'ಆರು' ಅಂತ ತಿದ್ದಿತ್ತು. ಬೇರೆ ಯಾವ ಸಾಲಿಗೂ ನಿಮ್ಮ ತಿದ್ದುಪಡಿ ಇರಲಿಲ್ಲ.

ಇವತ್ತು ಬೇರೆ ವಿಷಯ. ಹೋದ ವಾರದಿಂದ ನನ್ನ ಕಾಲು ಊದಿದೆ. ಗುರುವಾರ ಸೂಲಗಿತ್ತಿ ರಕ್ತದೊತ್ತಡ ನೋಡಿದರು, ನೂರ ನಲವತ್ತಾರು, ತೊಂಬತ್ತಾರು. ಅರ್ಧ ಗಂಟೆ ಮಲಗಿಸಿ ಮತ್ತೆ ನೋಡಿದರು. ಅಷ್ಟೇ ಇತ್ತು. ಅವತ್ತೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಮಾತ್ರೆ ಕೊಟ್ಟಿದ್ದಾರೆ, ದಿನ ಬಿಟ್ಟು ದಿನ ತಪಾಸಣೆ.

ಮನೆಗೆ ವಾಪಸ್ಸು ಬಂದ ಮೇಲೆ ಅವರು ಅಡುಗೆಮನೆಗೆ ಹೋಗಿ ಗೋಡೆಯ ಪಟ್ಟಿಯ ಮುಂದೆ ನಿಂತರು. ನಾನೂ ಹೋಗಿ ಪಕ್ಕದಲ್ಲಿ ನಿಂತೆ. ಪಟ್ಟಿಯ ಎರಡನೇ ಸಾಲು, ನಾನೇ ದಿನಕ್ಕೆ ಹತ್ತು ಸಲ ಓದಿದ ಸಾಲು. ನನಗೆ ಅಳು ಬಂತು, ಸಿಟ್ಟೂ ಬಂತು. 'ನೀವೇ ಸರಿ ಅಂದಿದ್ರಿ' ಅಂದೆ.

'ಅವತ್ತಿಗೆ ಸರಿ ಅಂದಿದ್ದೆ. ಇವತ್ತು ನಾನು ಮನೇಲಿ ಮಾಡಿಸಿದ್ರೆ ನಿನಗೆ ಖುಷಿಯಾಗುತ್ತೆ, ನಂಗೆ ಹೆಸರು ಬರುತ್ತೆ. ಮಗುಗೆ ಏನು ಬರುತ್ತೆ ಗೊತ್ತಿಲ್ಲ. ಆಸ್ಪತ್ರೆಗೆ ಹೋಗೋಣ. ನಾನೂ ಬರ್ತೀನಿ.'

ಎಷ್ಟು ಮೆಲ್ಲಗೆ ಹೇಳಿದರು ಅಂದರೆ, ತಕರಾರು ಮಾಡಲು ನನಗೆ ಹಿಡಿಯೇ ಸಿಗಲಿಲ್ಲ. ಅವರಿಗೂ ಬೇಜಾರಾಗಿತ್ತು, ಟೀ ತಣ್ಣಗಾಗುವವರೆಗೆ ಮುಟ್ಟಲಿಲ್ಲ. ಆಗ ಗೊತ್ತಾಯಿತು, ಎರಡು ವಾರ ನನ್ನನ್ನು ಕುರ್ಚಿಗೆ ಕಟ್ಟಿ ಇಳಿಸಿದ್ದು ಯಾಕೆ ಅಂತ. ಆರು ಸಲ ಮನೆ ಬಿಟ್ಟು ಹೊರಟು ಅಭ್ಯಾಸವಾಗಿತ್ತು. ಏಳನೇ ಸಲ ಹೊರಡುವಾಗ ಸೋತ ಹಾಗೆ ಅನ್ನಿಸಲಿಲ್ಲ. ಅಷ್ಟೇನೂ ಅನ್ನಿಸಲಿಲ್ಲ.

ಇದೇ 26ಕ್ಕೆ ಸೇರಿಕೊಳ್ಳಬೇಕು, ಔಷಧಿ ಕೊಟ್ಟು ನೋವು ಬರಿಸುತ್ತಾರೆ. ಜೊತೆಗೆ ಒಬ್ಬರೇ ಇರಬಹುದು, ಅದು ನಮ್ಮವನು. ಸೂಲಗಿತ್ತಿ ಆ ಲೆಕ್ಕಕ್ಕೆ ಬರುವುದಿಲ್ಲ, ಅವರೂ ಒಳಗಿರಬಹುದು ಅಂತ ಅಲ್ಲಿನ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಹೇಳಿದ್ದಾರೆ. ಒಂದು ಕಾಲದಲ್ಲಿ ಇಬ್ಬರೂ ಒಂದೇ ಮೇಜು ಹಂಚಿಕೊಂಡವರಂತೆ.

ನೀವು ಬೈಯುವುದಿದ್ದರೆ ಬೇಗ ಬರೆಯಿರಿ. ಇಪ್ಪತ್ತಾರರೊಳಗೆ ತಲುಪಬೇಕು.

ನಿಮ್ಮ ಮಗಳು


ಮೇ 20

ಮಗಳೇ,

ಬೈಯುವುದಿಲ್ಲ.

ನಿನ್ನ ಪತ್ರವನ್ನು ಹಿಡಿದುಕೊಂಡು ವಾಚನಾಲಯಕ್ಕೆ ಹೋದೆ. ಆ ಎರಡು ಅಂಕಿಗಳ ಬಗ್ಗೆ ಪುಸ್ತಕದಲ್ಲಿ ಇರುವುದನ್ನು ಓದಿ, ಪುಸ್ತಕ ಮುಚ್ಚಿ, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮನೆಯಲ್ಲೇ ಆಗಲಿ ಎಂದು ನಿನಗೆ ಮೊದಲು ಬರೆದವನು ನಾನು. ಏನೇ ಆದರೂ ಎಂದು ಸೂಲಗಿತ್ತಿಯಿಂದ ಮಾತು ಕೇಳಿದವನೂ ನಾನೇ. ಆಕೆಯ ಜಾಗದಲ್ಲಿ ನನ್ನ ಹಾಗೆ ಮೆಚ್ಚುಗೆಗೆ ಹಾತೊರೆಯುವ ಒಬ್ಬರು ಇದ್ದಿದ್ದರೆ, ಮುದುಕ ಬೇಡಿಕೊಳ್ಳುತ್ತಿದ್ದಾನೆ ಎಂದು ಹೂಂ ಅಂದುಬಿಡುತ್ತಿದ್ದರು. ಆಗುವುದಿಲ್ಲ ಎಂದು ಆಕೆ ಬರೆದ ಆ ಒಂದು ಸಾಲನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೇನೆ.

ನಾನೂ ಅಮ್ಮನೂ 26ರ ಮಧ್ಯಾಹ್ನ ಬಂದು ಇಳಿಯುತ್ತೇವೆ. ಪೆನ್ನು ತರುತ್ತೇನೆ, ಅದು ಅಭ್ಯಾಸ. ಯಾರ ಹೆಸರನ್ನೂ ಹುದ್ದೆಯನ್ನೂ ಕೇಳುವುದಿಲ್ಲ.

ಅಪ್ಪ


ಮೇ 27, ಬೆಳಿಗ್ಗೆ ಹನ್ನೊಂದೂ ಕಾಲು, ಕಾರಿಡಾರು

ತಕರಾರಮ್ಮ,

ನೀನು ಬಾಗಿಲಾಚೆ, ನಾನು ಈಚೆ. ನಡುವೆ ಇಪ್ಪತ್ತು ಹೆಜ್ಜೆಯೂ ಇಲ್ಲ, ಆದರೂ ಪತ್ರವೇ ಬರೆಯಬೇಕಾಗಿದೆ. ಸೂಲಗಿತ್ತಿ ಒಳಗೆ ತಂದು ಕೊಡುತ್ತೇನೆ ಎಂದಿದ್ದಾರೆ. ಈಗ ಓದಬೇಡ, ಕೆಲಸ ನೋಡು.

ಬಾಗಿಲಿಗೆ ಬಣ್ಣ ಬದಲಾಯಿಸಿದ್ದಾರೆ. ಬೆಂಚು ಅದೇ ಎಂದು ನನಗೆ ಅನುಮಾನ. ಗೋಡೆಯ ಮೇಲೆ ಸೂಚನೆಗಳು ಏಳಿವೆ, ನಾಲ್ಕು ಪರಸ್ಪರ ವಿರುದ್ಧವಾಗಿವೆ. ನೆಲ ಒರೆಸುವ ಹೆಂಗಸಿಗೆ ಕಾಲು ಎತ್ತಿ ಕೊಟ್ಟೆವು. ಅವರು ನಿನ್ನೆಯೂ ನಮ್ಮನ್ನು ನೋಡಿದ್ದರು. ಮೊದಲನೇದಾ ಎಂದು ಕೇಳಿದರು. ನಮಗಾ, ಮಗಳಿಗಾ ಎಂದು ನಿನ್ನ ಅಮ್ಮ ಕೇಳಿದಳು. ಆ ಹೆಂಗಸು ನಕ್ಕು ಕೋಲು ಊರಿ ನಿಂತುಬಿಟ್ಟರು.

ನಿನ್ನ ಸೂಲಗಿತ್ತಿ ಬೆಳಿಗ್ಗೆಯಿಂದ ನಾಲ್ಕು ಸಲ ಹೊರಗೆ ಬಂದಿದ್ದಾರೆ. ಬಂದು ನಮ್ಮ ಎದುರು ನಿಂತು, ಒತ್ತಡ ಎಷ್ಟು, ಮಗುವಿನ ಎದೆಬಡಿತ ಎಷ್ಟು, ಇನ್ನು ಸುಮಾರು ಎಷ್ಟು ಹೊತ್ತು, ಮೂರೇ ಮಾತು ಹೇಳಿ ಹೋಗುತ್ತಾರೆ. ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಎನ್ನುತ್ತಾರೆ. ನಾನು ಒಂದನ್ನೂ ಬರೆದುಕೊಳ್ಳಲಿಲ್ಲ. ನಾಲ್ಕನೇ ಸಲ ಬಂದಾಗ ನಿಮಗೆ ನೀರು ಬೇಕೇ ಎಂದು ಕೇಳಿದೆ. ಬೇಕು ಎಂದರು. ನಿಂತೇ ಕುಡಿದರು. ಆ ಸಣ್ಣ ಆಳಿನ ಕೈ ನೋಡಿದೆ. ಕಟ್ಟಡ ಕಟ್ಟುವವರ ಕೈಯಷ್ಟು ದಪ್ಪ. ರಾತ್ರಿಯೆಲ್ಲ ಆ ಕೈ ನಿನ್ನ ಬೆನ್ನ ಮೇಲಿತ್ತಂತೆ.

ಹನ್ನೆರಡೂವರೆ. ನಡುವೆ ನಿಲ್ಲಿಸಿದ್ದೆ. ಒಳಗಿನಿಂದ ನಿನ್ನ ದನಿ ಕೇಳಿತು, ಆಮೇಲೆ ಕೇಳಲಿಲ್ಲ. ಕೇಳಿದ್ದಕ್ಕಿಂತ ಕೇಳದಿದ್ದದ್ದು ಕಷ್ಟ. ನಿನ್ನ ಅಮ್ಮ ಎದ್ದು ಕಿಟಕಿಯವರೆಗೆ ಹೋಗಿ ಬಂದಳು, ಮತ್ತೆ ಹೋದಳು, ಬಂದು ನನ್ನ ಪಕ್ಕ ಕೂತಳು. ನನ್ನ ಕಡೆ ನೋಡದೆ ಹೇಳಿದಳು:

'ಒಳಗಿದ್ರೆ ಮಾಡೋಕೆ ಏನಾದ್ರೂ ಇರುತ್ತೆ. ಇಲ್ಲಿ ಕೂತ್ಕೊಳ್ಳೋದು ಇಷ್ಟು ಕಷ್ಟ ಅಂತ ನಂಗೆ ಗೊತ್ತಿರ್ಲಿಲ್ಲ ಕಣ್ರೀ.'

ಅವಳ ಕೈ ಹಿಡಿದುಕೊಂಡಿದ್ದೇನೆ, ಎಡಗೈಯಲ್ಲಿ. ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ, ಅದಕ್ಕೇ ಕಾಗದ ಜಾರಿ ಸಾಲುಗಳು ಸೊಟ್ಟಗಿವೆ.

ಸೂಲಗಿತ್ತಿ ಬಾಗಿಲಲ್ಲಿ ಕಾಣಿಸಿದರು. ಕೊಡುತ್ತಿದ್ದೇನೆ.

ಹೊರಗಿನಿಂದ,
ಅಪ್ಪ


ಅದೇ ದಿನ, ಅದೇ ಕಾಗದದ ಹಿಂಬದಿ

ಅಪ್ಪಾ,

ಹೆಣ್ಣು. ಒಂದೂ ಹತ್ತಕ್ಕೆ. ಎರಡು ಕಿಲೋ ಒಂಬೈನೂರು ಗ್ರಾಂ. ಅತ್ತಳು, ಈಗ ಸುಮ್ಮನಿದ್ದಾಳೆ. ನನ್ನ ಒತ್ತಡ ಇಳಿಯುತ್ತಿದೆ, ಇನ್ನೂ ನೋಡುತ್ತಾರಂತೆ. ಮಲಗಿಕೊಂಡೇ ಬರೆಯುತ್ತಿದ್ದೇನೆ, ತಿದ್ದಬೇಡಿ.

ನಮ್ಮವನು ಹೊರಗೆ ಬರುತ್ತಿದ್ದಾನೆ, ಒಬ್ಬೊಬ್ಬರಾಗಿ ಒಳಗೆ ಬರಬಹುದು. ಮೊದಲು ಅಮ್ಮ ಅಂದೆ. ಅಮ್ಮ ಸೂಲಗಿತ್ತಿಯ ಹತ್ತಿರ ಹೇಳಿಕಳಿಸಿದ್ದಾಳೆ, ಮೊದಲು ನೀವಂತೆ.

ಬನ್ನಿ. ಬಾಗಿಲು ಸುಮ್ಮನೆ ತಳ್ಳಿದರೆ ಸಾಕು.